ಉಗ್ರಾಣದ ಬೀಗದ ಕೈ

ನಮ್ಮ ಕಡೆಯ ಮದುವೆಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರನ್ನು ಬರಬೇಡಿ ಎಂದು ಯಾರೂ ಹೇಳುವುದಿಲ್ಲ. ಅಷ್ಟು ಒರಟರಲ್ಲ ನಾವು. ಮನೆಗೇ ಬಂದು ಕುಂಕುಮದ ಬಟ್ಟಲಿಲ್ಲದೆ ಬರೀ ಪತ್ರಿಕೆ ಕೊಟ್ಟು ಕರೆಯುತ್ತಾರೆ. ಛತ್ರದ ಬಾಗಿಲಲ್ಲಿ ನಗುನಗುತ್ತಾ ಎದುರುಗೊಳ್ಳುತ್ತಾರೆ. ತಿಂಡಿ ಆಯಿತಾ ಎಂದು ಒಬ್ಬರಾದ ಮೇಲೆ ಒಬ್ಬರು ವಿಚಾರಿಸುತ್ತಾರೆ. ಆಮೇಲೆ ಮೆಲ್ಲಗೆ ಕೈಗೆ ಉಗ್ರಾಣದ ಬೀಗದ ಕೈ ಕೊಡುತ್ತಾರೆ. ಉಗ್ರಾಣ ಎಂದರೆ ಛತ್ರದ ಅಡುಗೆಮನೆಯ ಪಕ್ಕದ ಕೋಣೆ. ಅಕ್ಕಿ, ಬೆಲ್ಲ, ತುಪ್ಪದ ಡಬ್ಬಿ, ತಾಂಬೂಲದ ತೆಂಗಿನಕಾಯಿ, ಹೆಣ್ಣಿನವರ ಸೂಟ್‌ಕೇಸು ಎಲ್ಲವೂ ಅಲ್ಲಿ. "ನಿಮ್ಮಷ್ಟು ನಂಬಿಕೆಯವರು ಇನ್ಯಾರಿದಾರೆ ಹೇಳಿ" ಎಂದು ಅಲ್ಲೊಂದು ಕುರ್ಚಿ ಹಾಕಿ ಕೂರಿಸಿದರೆ ಮುಗಿಯಿತು. ಮಂಟಪದಲ್ಲಿ ಗಟ್ಟಿಮೇಳ ಮೊಳಗುವ ಹೊತ್ತಿಗೆ ಅವರು ಅಡುಗೆಯವರಿಗೆ ಗೋಡಂಬಿ ಅಳೆದು ಕೊಡುತ್ತಿರುತ್ತಾರೆ. ಮರ್ಯಾದೆ ಕೊಟ್ಟ ಹಾಗೂ ಆಯಿತು, ಮಂಟಪದ ಹತ್ತಿರ ಸುಳಿಯದ ಹಾಗೂ ಆಯಿತು.

ನನ್ನ ಗೆಳತಿಯ ಅಮ್ಮನ ಕೈಯಲ್ಲಿ ಆ ಬೀಗದ ಕೈಯನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದವಳು ನಾನು. ಅವರನ್ನು ಆಂಟಿ ಎನ್ನುತ್ತಿದ್ದೆ. ಚಂದ್ರಾ ಲೇಔಟಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಹಿಂದಿನ ಗೋಡೆ ಒಂದೇ. ಗೆಳತಿ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅವಳ ಅಪ್ಪ ತೀರಿಕೊಂಡರು. ಅವರಿದ್ದ ಕಚೇರಿಯಲ್ಲೇ ಆಂಟಿಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಸೈಕಲ್ಲನ್ನೂ ಮುಟ್ಟದಿದ್ದವರು ಮೊಪೆಡ್ ಕಲಿತರು. ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ನೀರು ಬಿಡುವವನ ಜೊತೆ ಜಗಳವಾದರೆ ಇಡೀ ರಸ್ತೆಯ ಪರವಾಗಿ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದವರು ಅವರೇ.

ಕಚೇರಿಗೆ ಹೋಗುವಾಗ ಆಂಟಿ ಹಣೆಗೆ ಮೆರೂನ್ ಬಣ್ಣದ ಸಣ್ಣ ಸ್ಟಿಕ್ಕರ್ ಇಟ್ಟುಕೊಳ್ಳುತ್ತಿದ್ದರು. ಮದುವೆ ಮನೆಗೆ ಹೊರಟರೆ ಮಾತ್ರ ಅದನ್ನು ಕಿತ್ತು ಕನ್ನಡಿಯ ಮೂಲೆಗೆ ಅಂಟಿಸಿ ಬರುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ತಾನೇ ಮೊದಲು ತೆಗೆದುಬಿಟ್ಟರೆ ಇನ್ನೊಬ್ಬರಿಂದ ಹೇಳಿಸಿಕೊಳ್ಳುವುದು ತಪ್ಪುತ್ತದೆ ಎಂದು ಅವರ ಲೆಕ್ಕ. ನೀರಿನವನ ಮುಂದೆ ಅಷ್ಟು ಗಟ್ಟಿಯಾಗಿ ನಿಲ್ಲುವ ಹೆಂಗಸು ಕನ್ನಡಿಯ ಮುಂದೆ ಹೀಗೇಕೆ ಆಗುತ್ತಾರೆ ಎಂದು ನನಗೆ ಆಗಲೇ ಸಿಟ್ಟು ಬರುತ್ತಿತ್ತು.

ಗೆಳತಿಗೂ ಬರುತ್ತಿತ್ತು. ಅಥವಾ ಬರುತ್ತಿತ್ತು ಎಂದು ನಾನು ನಂಬಿದ್ದೆ. ಅವಳ ಚಿಕ್ಕಪ್ಪನ ಮಗಳ ಮದುವೆ ರಾಜಾಜಿನಗರದ ಒಂದು ಛತ್ರದಲ್ಲಿ ನಡೆಯಿತು. ನಮ್ಮಲ್ಲಿ ಮೊದಲು ಹೆಣ್ಣಿನ ಅಪ್ಪ ಅಮ್ಮ ಧಾರೆ ಎರೆಯುತ್ತಾರೆ. ಆಮೇಲೆ ಗಂಡು ಹೆಣ್ಣು ಜೋಡಿಸಿ ಹಿಡಿದ ಕೈಗಳ ಮೇಲಿನ ತೆಂಗಿನಕಾಯಿಗೆ ಬಂದವರೆಲ್ಲ ಸಾಲಾಗಿ ಬಂದು ಒಂದೊಂದು ಚೊಂಬು ಹಾಲು ಎರೆಯುತ್ತಾರೆ. ಅಂದು ಯಾರೋ ದೂರದ ನೆಂಟರು "ಹುಡುಗಿ ದೊಡ್ಡಮ್ಮ ಎಲ್ಲಿ, ಅವರು ಎರೀಲಿಲ್ವಲ್ಲ" ಎಂದು ಕೇಳಿದರು. ಚಿಕ್ಕಮ್ಮ ಮುಖದ ನಗು ಒಂದಿಷ್ಟೂ ಕದಲದಂತೆ, "ಅವ್ರು ಉಗ್ರಾಣ ನೋಡ್ಕೊತಿದಾರೆ, ಪಾಪ, ಬೆಳಿಗ್ಗೆಯಿಂದ ಕೂತಿಲ್ಲ" ಎಂದರು. ಆ ಹುಡುಗಿ ಹುಟ್ಟಿದಾಗ ಬಾಣಂತನ ಮಾಡಿ, ಮಗುವಿಗೆ ಎಣ್ಣೆ ನೀರು ಹಾಕಿ ಬೆಳೆಸಿದವರು ಆಂಟಿ. ಆಗಿನ್ನೂ ಆಂಟಿಯ ಗಂಡ ಬದುಕಿದ್ದರು, ಹಾಗಾಗಿ ಆ ಕೈಗಳು ಬೇಕಾಗಿದ್ದವು.

ಅವತ್ತು ಸಂಜೆ ನಮ್ಮ ಮನೆಯ ತಾರಸಿಯ ಮೇಲೆ ಗೆಳತಿ ರೇಷ್ಮೆ ಸೀರೆಯಲ್ಲೇ ಓಡಾಡುತ್ತಾ ಕೆಂಡ ಕಾರಿದಳು.

"ನನ್ ಮದುವೇಲಿ ಧಾರೆ ಎರೆಯೋದು ನಮ್ಮಮ್ಮನೇ. ಒಬ್ಳೇ ಎರೀತಾಳೆ. ಬೇರೆ ಯಾರಾದ್ರೂ ಬಂದು ಕೂತ್ರೆ ನಾನು ಹಸೆಮಣೆಯಿಂದ ಎದ್ದು ಹೋಗ್ತೀನಿ. ನೋಡ್ತಿರು ನೀನು."

ನಾನು ನೋಡುತ್ತಲೇ ಇದ್ದೆ.

ಅವಳು ಬಸವೇಶ್ವರನಗರದ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದಳು. ನಾನು ಕೆಂಗೇರಿ ಉಪನಗರದ ಹೈಸ್ಕೂಲಿನಲ್ಲಿ ಟೀಚರು. ಅವಳ ಕಾಲೇಜಿನ ಲೆಕ್ಕದ ಮೇಷ್ಟರೇ ಅವಳನ್ನು ಒಪ್ಪಿದರು, ಎರಡು ಮನೆಯವರೂ ಒಪ್ಪಿದರು. ಆಮೇಲೆ ಒಂದು ದಿನ ಅವಳು ಬಂದು, ಮದುವೆ ಗೋವಾದಲ್ಲಿ, ಸಮುದ್ರದ ದಂಡೆಯ ರೆಸಾರ್ಟಿನಲ್ಲಿ, ಒಂದು ಬಸ್ಸಿಗೆ ಆಗುವಷ್ಟೇ ಜನ ಎಂದಳು. ಎರಡು ಸಾವಿರದ ಇಸವಿಯ ಆಸುಪಾಸಿನ ಆ ವರ್ಷಗಳಲ್ಲಿ ನಮ್ಮಂಥವರ ಮನೆಗಳಲ್ಲಿ ಹೀಗೆ ಯಾರೂ ಮಾಡುತ್ತಿರಲಿಲ್ಲ. ನಮ್ಮಮ್ಮ ಕೇಳಿ ಕಕ್ಕಾಬಿಕ್ಕಿಯಾದಳು. "ಸಮುದ್ರದ ಹತ್ರ ಹೋಗೋದು ಅಸ್ಥಿ ಬಿಡೋಕೆ ಕಣೇ, ಮದುವೆ ಆಗೋಕಲ್ಲ" ಎಂದಳು.

ಗೆಳತಿ ನನ್ನನ್ನು ಪಕ್ಕಕ್ಕೆ ಕರೆದು, "ಜನ ಕಮ್ಮಿ ಇದ್ರೆ ಬಾಯಿನೂ ಕಮ್ಮಿ ಕಣೇ. ಇಲ್ಲಿ ಛತ್ರದಲ್ಲಾದ್ರೆ ನಮ್ ನೆಂಟರು ಅಮ್ಮನ್ನ ಮಂಟಪ ಹತ್ತೋಕೆ ಬಿಡ್ತಾರಾ?" ಎಂದಳು. ನನಗೆ ಅವಳ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ ನಮ್ಮಮ್ಮನ ಬಾಯನ್ನು ನಾನೇ ಮುಚ್ಚಿಸಿದೆ. ಆಂಟಿಯೊಬ್ಬರಿಗಾಗಿ ಇಡೀ ಮದುವೆಯನ್ನೇ ಎತ್ತಿಕೊಂಡು ಹೋಗುತ್ತಿದ್ದಾಳೆ ಎಂದುಕೊಂಡೆ. ಎರಡು ತಿಂಗಳು ಅವಳ ಆಳಿನ ಹಾಗೆ ದುಡಿದೆ. ರಾಜಾಜಿನಗರದ ಗ್ರಂಥಿಗೆ ಅಂಗಡಿಯಲ್ಲಿ ಅರಿಶಿನ, ಕುಂಕುಮ, ಬಾಸಿಂಗ, ಕರಿಮಣಿ ಕೊಂಡೆ. ರಾಜಾಜಿನಗರದಿಂದಲೇ ಪುರೋಹಿತರನ್ನು ಒಪ್ಪಿಸಿದೆ. ತಾಯಿ ಒಬ್ಬರೇ ಧಾರೆ ಎರೆಯಬಹುದೇ ಎಂದು ಅವರನ್ನು ನೇರವಾಗಿ ಕೇಳಿದೆ. "ಎರೀಬಾರ್ದು ಅಂತೇನಿಲ್ಲಮ್ಮ. ನೀವು ಹೇಗೆ ಹೇಳ್ತೀರೋ ಹಾಗೆ ಮಾಡಿಸ್ತೀನಿ" ಎಂದರು. ಅಲ್ಲಿಗೆ ಅಡ್ಡಿಯೇ ಇಲ್ಲ ಎಂದಾಯಿತು.

ಆಂಟಿಗೆ ಸೀರೆ ತರಲು ನಾನೇ ಜೊತೆಗೆ ಹೋಗಿದ್ದೆ. ಅವರ ಕೈ ತಾನಾಗಿ ಬೂದು, ತಿಳಿ ಹಸಿರು ಸೀರೆಗಳ ಕಡೆಗೇ ಹೋಗುತ್ತಿತ್ತು. ನಾನು ಸಾಸಿವೆ ಬಣ್ಣದ, ಮೆರೂನ್ ಅಂಚಿನ ರೇಷ್ಮೆ ಸೀರೆಯೊಂದನ್ನು ಅವರ ಹೆಗಲ ಮೇಲೆ ಹಾಕಿದೆ. "ಬಣ್ಣ ಜಾಸ್ತಿ ಆಯ್ತೇನೋ" ಎಂದರು. ಆಗಲಿಲ್ಲ ಎಂದೆ. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದವರು ತಟ್ಟನೆ ಹಿತ್ತಾಳೆ ಚೊಂಬು ತೆಗೆದುಕೊಂಡು, "ಬಲಗೈಯಲ್ಲಿ ಹಿಡಿದು ಎಡಗೈ ಆಸರೆ ಕೊಡ್ಬೇಕಲ್ವಾ?" ಎಂದು ಕೇಳಿ ಸಿಂಕಿಗೆ ಸಣ್ಣಗೆ ನೀರು ಬಿಟ್ಟರು. ನೀರು ಒಂದೇ ಎಳೆಯಾಗಿ ಬೀಳುವವರೆಗೂ ಮತ್ತೆ ಮತ್ತೆ ಬಿಟ್ಟರು. ಕಾಫಿ ಉಕ್ಕಿ ಒಲೆಯ ಮೇಲೆಲ್ಲಾ ಹರಿಯಿತು, ಇಬ್ಬರೂ ನಕ್ಕೆವು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಬಸ್ಸು ನಮ್ಮನ್ನು ಗೋವಾದಲ್ಲಿ ಇಳಿಸಿದ್ದು ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಎಲ್ಲಿ ನೋಡಿದರೂ ತೆಂಗಿನ ಮರ. ನಾವು ವಿಜಯನಗರದ ಮಾರ್ಕೆಟ್ಟಿನಿಂದ ಮೂಟೆ ತೆಂಗಿನಕಾಯಿ ಹೊತ್ತು ತಂದಿದ್ದೆವು. ಸೆಕೆ ಹೇಗಿತ್ತೆಂದರೆ ಸ್ನಾನ ಮಾಡಿ ಟವೆಲ್ ಕೆಳಗಿಡುವುದರೊಳಗೆ ಮತ್ತೆ ಬೆವರು. ರೆಸಾರ್ಟಿನ ಮ್ಯಾನೇಜರ್ ಟೈ ಕಟ್ಟಿಕೊಂಡು ಬಂದು ಮದುವೆಗೆ ಯಾವ ಬಣ್ಣದ ಥೀಮ್ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ಪುರೋಹಿತರು ಪಂಚೆ ಎತ್ತಿ ಕಟ್ಟಿಕೊಂಡು, ಬೀಸುವ ಗಾಳಿಯಲ್ಲಿ ದೀಪ ನಿಲ್ಲುವುದು ಹೇಗೆ ಎಂದು ಅವನನ್ನು ಕನ್ನಡದಲ್ಲಿ ಕೇಳಿದರು. ಇಬ್ಬರಿಗೂ ಉತ್ತರ ಸಿಗಲಿಲ್ಲ.

ಬಸ್ಸಿನಲ್ಲಿ ಚಿಕ್ಕಪ್ಪ ಚಿಕ್ಕಮ್ಮನೂ ಇದ್ದರು. ಹತ್ತಿರದವರು, ಕರೆಯದೆ ಆಗುತ್ತದೆಯೇ ಎಂದುಕೊಂಡು ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಮಧ್ಯಾಹ್ನ ಊಟದ ನಂತರ ಆಂಟಿಯ ಕೋಣೆಗೆ ಹೋದೆ. ಮಂಚದ ಮೇಲೆ ಅವರು ನಾಳೆಗೆ ಬಟ್ಟೆ ಜೋಡಿಸುತ್ತಿದ್ದರು. ಒಂದು ಕಡೆ ಅವರ ಸಾಸಿವೆ ಬಣ್ಣದ ಸೀರೆ. ಇನ್ನೊಂದು ಕಡೆ ತಟ್ಟೆಯಲ್ಲಿ, ಅರಿಶಿನ ಕುಂಕುಮ ಹಚ್ಚಿದ ಹೊಸ ರೇಷ್ಮೆ ಪಂಚೆ, ಶಲ್ಯ, ಕೆಂಪು ಧಾರೆ ಸೀರೆ. ಧಾರೆ ಎರೆಯುವ ದಂಪತಿಗೆ ಉಡಿಸುವ ಬಟ್ಟೆ ಅದು. ನೋಡಿದ ಕೂಡಲೇ ಗೊತ್ತಾಗುತ್ತದೆ.

"ಯಾರಿಗೆ ಆಂಟಿ ಇದು?"

"ನಮ್ ಮೈದುನಂಗೆ, ಅವ್ರ ಹೆಂಡ್ತಿಗೆ. ಜೋಡಿ ಎರೆದ್ರೇ ಚೆಂದ ಅಲ್ವೇನಮ್ಮ."

"ನೀವು ಎರೀತೀರ ಅಂತ ಅಲ್ವಾ ಇಲ್ಲಿಗೆ ಬಂದಿರೋದು?"

ಅವರು ಪಂಚೆಯ ಮಡಿಕೆಯನ್ನು ಮತ್ತೊಮ್ಮೆ ಸರಿ ಮಾಡಿದರು. "ಹೋದ ವಾರ ಹೇಳಿದ್ಲು. ಎಲ್ರೂ ಎರೀತಾರಲ್ಲ, ಆಮೇಲೆ ಹಾಲು, ಅದರಲ್ಲಿ ನೀನೂ ಎರೆಯುವಂತೆ ಅಂದ್ಲು. ಅಷ್ಟು ಸಾಕಮ್ಮ ನನಗೆ" ಎಂದರು.

ಹೋದ ವಾರ. ಮಗಳ ಮಾತು ಕೇಳಿ, ತನ್ನ ಜಾಗದಲ್ಲಿ ಕೂರುವವಳಿಗೆ ತಾನೇ ಅಂಗಡಿಗೆ ಹೋಗಿ ಸೀರೆ ತಂದಿದ್ದರು. ನನಗೆ ಹೇಳಿದರೆ ನಾನು ಕೂಗಾಡುತ್ತೇನೆಂದು ಹೇಳಿರಲಿಲ್ಲ. ಪಿತ್ತ ನೆತ್ತಿಗೇರಿ ಹೊರಗೆ ಬಂದರೆ ಜಗುಲಿಯಲ್ಲಿ ಚಿಕ್ಕಪ್ಪ ಎಳನೀರು ಕುಡಿಯುತ್ತಾ ಕೂತಿದ್ದರು. ಕೇಳದಿದ್ದರೂ ತಾವೇ ಹೇಳಿದರು: "ಮಗು ತಾನೇ ಫೋನ್ ಮಾಡಿ ಕರೀತಮ್ಮ. ಚಿಕ್ಕಪ್ಪ, ನೀವು ಬರ್ದೇ ಇದ್ರೆ ಧಾರೆ ಯಾರು ಎರೀತಾರೆ ಅಂತು. ಎಷ್ಟಾದ್ರೂ ನಮ್ಮಣ್ಣನ ಮಗಳು." ಅವರ ಕಣ್ಣು ತುಂಬಿತ್ತು. ಒಳ್ಳೆಯ ಮನುಷ್ಯರೇ. ಈ ಇಡೀ ಕಥೆಯಲ್ಲಿ ಕೆಟ್ಟವರು ಎಂದು ಬೆರಳು ಮಾಡಿ ತೋರಿಸಲು ಒಬ್ಬರೂ ಸಿಗುವುದಿಲ್ಲ, ಅದೇ ನನಗೆ ಇನ್ನೂ ದೊಡ್ಡ ಹಿಂಸೆ.

ಗೆಳತಿ ಕೈಕಾಲಿಗೆ ಮೆಹಂದಿ ಹಾಕಿಸಿಕೊಂಡು ಫ್ಯಾನಿನ ಕೆಳಗೆ ಕೂತಿದ್ದಳು. ಸುತ್ತ ಹುಡುಗನ ಕಡೆಯ ಹೆಂಗಸರು. ಏನಿದು ಎಂದು ಕಣ್ಣಲ್ಲೇ ಕೇಳಿದೆ. ಅವಳಿಗೆ ಅರ್ಥವಾಯಿತು. "ಆಮೇಲೆ ಮಾತಾಡೋಣ ಕಣೇ, ಪ್ಲೀಸ್" ಎಂದಳು. ಹುಡುಗನ ತಾಯಿ ನನಗೆ ಕುರ್ಚಿ ಎಳೆದು ಕೊಟ್ಟು, ಬೋಂಡ ತಿನ್ನಿ ಎಂದರು. ತಿನ್ನಲಿಲ್ಲ. ಆದರೂ ಒಂದು ಆಸೆ ಉಳಿಸಿಕೊಂಡೆ. ಹಾಲು ಎರೆಯುವಾಗಲಾದರೂ ಆಂಟಿ ಹೋಗುತ್ತಾರಲ್ಲ, ಮಗಳು ಹೇಳಿದ್ದಾಳಲ್ಲ ಎಂದುಕೊಂಡು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಆಂಟಿಯನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸಾಸಿವೆ ಬಣ್ಣದ ಸೀರೆ ಉಟ್ಟಿದ್ದರು, ಹಣೆಯ ಮೇಲೆ ಮೆರೂನ್ ಸ್ಟಿಕ್ಕರ್ ಹಾಗೇ ಇತ್ತು. ಮದುವೆಯ ಮನೆಯಲ್ಲಿ ಅವರ ಹಣೆಯ ಮೇಲೆ ಅದನ್ನು ನಾನು ಕಂಡದ್ದು ಅದೇ ಮೊದಲು. ಚೆನ್ನಾಗಿ ಕಾಣ್ತಿದೀರ ಆಂಟಿ ಎಂದೆ. "ಸುಮ್ನಿರೇ" ಎಂದು ನಾಚಿಕೊಂಡರು.

ರೆಸಾರ್ಟಿನಲ್ಲಿ ಉಗ್ರಾಣವೇ ಇರಲಿಲ್ಲ. ಅಡುಗೆ, ಬಡಿಸುವುದು ಎಲ್ಲ ಅವರದೇ. ಗೋಡಂಬಿ ಅಳೆದು ಕೊಡುವ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ನಮ್ಮವರು ಒಂದು ಬೀಗದ ಕೈ ಹುಡುಕಿ ತೆಗೆದರು. ಮುಹೂರ್ತಕ್ಕೆ ಇನ್ನೇನು ಹೊರಡಬೇಕು, ಚಿಕ್ಕಪ್ಪ ಹೊಸ ಪಂಚೆ ಸರಿಮಾಡಿಕೊಳ್ಳುತ್ತಾ ಬಂದರು. ಕೈಯಲ್ಲಿ ಮರದ ಮೀನು ನೇತುಬಿದ್ದ ಕೋಣೆಯ ಕೀ.

"ಅತ್ತಿಗೆ, ಎಲ್ರ ಒಡವೆ, ಸೂಟ್‌ಕೇಸು ಎಲ್ಲಾ ಆ ಮೂಲೆ ರೂಮಲ್ಲಿ ಇಟ್ಟಿದೀವಿ. ಈ ಹೋಟ್ಲು ಹುಡುಗ್ರನ್ನ ನಂಬೋಕಾಗಲ್ಲ. ಕೀ ನಿಮ್ ಹತ್ರಾನೇ ಇರ್ಲಿ. ನಿಮ್ಮಷ್ಟು ನಂಬಿಕೆಯವ್ರು ಯಾರಿದಾರೆ ಹೇಳಿ."

ಆಂಟಿ ಒಂದು ಕ್ಷಣ ಕೀಯನ್ನು ನೋಡಿದರು, ಆಮೇಲೆ ಕೈ ಚಾಚಿದರು. ಎಷ್ಟೋ ವರ್ಷದ ಅಭ್ಯಾಸ, ಕೈ ತಾನಾಗಿ ಮುಂದೆ ಬಂತು. ನಾನು ಬಾಯಿ ತೆಗೆಯುವುದರೊಳಗೆ ಚಿಕ್ಕಪ್ಪ ಹೊರಟುಹೋಗಿದ್ದರು.

ಮಂಟಪ ಸಮುದ್ರಕ್ಕೆ ಮುಖ ಮಾಡಿತ್ತು. ಬಿಳಿ ಬಟ್ಟೆ, ಪ್ಲಾಸ್ಟಿಕ್ ಹೂವು. ಅಕ್ಷತೆಯಲ್ಲಿ ಮರಳು ಸೇರಿಕೊಂಡು ತಲೆಯ ಮೇಲೆ ಬಿದ್ದರೆ ಚುರುಗುಟ್ಟುತ್ತಿತ್ತು. ಚಿಕ್ಕಪ್ಪ ಚಿಕ್ಕಮ್ಮ ಮೊದಲು ಧಾರೆ ಎರೆದರು. ಚಿಕ್ಕಮ್ಮನ ಕೈಯಲ್ಲಿ ನೀರು ಚೆಲ್ಲಾಪಿಲ್ಲಿಯಾಗಿ ಬಿತ್ತು. ಸಿಂಕಿನ ಮುಂದೆ ಅಭ್ಯಾಸ ಮಾಡಿದವರು ಮೂಲೆ ಕೋಣೆಯ ಜಗುಲಿಯಲ್ಲಿ, ಹುಲ್ಲುಹಾಸಿನ ಆಚೆ, ಕಂಬ ಹಿಡಿದು ನಿಂತಿದ್ದರು.

ಆಮೇಲೆ ಹಾಲಿನ ಸರದಿ. ಹುಡುಗನ ಕಡೆಯವರು ಎರೆದರು, ಹುಡುಗಿಯ ಕಡೆಯವರು ಎರೆದರು. ಕಾಲೇಜಿನ ಪ್ರಿನ್ಸಿಪಾಲರು ಬೂಟು ಬಿಚ್ಚಿ ಬಂದು ಎರೆದರು. ಟೈ ಕಟ್ಟಿದ ಮ್ಯಾನೇಜರನನ್ನು ಬಾಪ್ಪಾ ಬಾ ಎಂದು ಎಳೆದು ತಂದು ಎರೆಸಿದರು. ಬೀಚಿನಿಂದ ಗಲಾಟೆ ಕೇಳಿ ಬಂದು ನಿಂತಿದ್ದ ಒಬ್ಬ ಬಿಳಿ ಹೆಂಗಸು, ಈಜುಡುಗೆಯ ಮೇಲೆ ಒಂದು ಬಟ್ಟೆ ಸುತ್ತಿಕೊಂಡಿದ್ದವಳು, ಆಸೆಯಿಂದ ನೋಡುತ್ತಿದ್ದಳು. ಚಿಕ್ಕಮ್ಮ ಅವಳನ್ನೂ ಕರೆದರು. ಬಲಗೈಯಲ್ಲಿ ಚೊಂಬು ಹಿಡಿಸಿ, ಎಡಗೈಯನ್ನು ತಾವೇ ಕೆಳಗೆ ಕೊಡಿಸಿ, ಹೀಗೆ, ಹೀಗೆ ಎಂದು ಕಲಿಸಿ ಎರೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮದುವೆಯಾದವಳೋ, ಬಿಟ್ಟವಳೋ, ಗಂಡ ಸತ್ತವಳೋ ಎಂದು ಒಬ್ಬರೂ ಕೇಳಲಿಲ್ಲ.

ಪುರೋಹಿತರು ನನ್ನತ್ತ ನೋಡಿ, "ಸ್ನೇಹಿತೆ ಬನ್ನಿಮ್ಮ" ಎಂದರು. ನಾನು ಮಂಟಪದ ಕಡೆಗೆ ಹೋಗಲಿಲ್ಲ. ನೇರ ಹುಲ್ಲುಹಾಸು ದಾಟಿ ಜಗುಲಿಗೆ ಹೋಗಿ ಆಂಟಿಯ ಕೈ ಹಿಡಿದೆ.

"ಬನ್ನಿ ಆಂಟಿ. ಹೋಟ್ಲು ಮ್ಯಾನೇಜರ್ ಎರೆದಾಯ್ತು. ನೀವು ಬನ್ನಿ."

ಅವರು ಕೈ ಹಿಂದಕ್ಕೆಳೆದುಕೊಂಡರು. ಮರದ ಮೀನು ನನ್ನ ಮಣಿಕಟ್ಟಿಗೆ ಬಡಿಯಿತು. "ಬಿಡು ಕಣಮ್ಮ. ನಾನಾಗಿ ನುಗ್ಗಿಕೊಂಡು ಹೋಗಲ್ಲ. ಅವಳು ಕರೀಲಿ, ಬರ್ತೀನಿ" ಎಂದರು. ದನಿ ನೀರಿನವನ ಜೊತೆ ಮಾತಾಡುವಾಗಿನಷ್ಟೇ ಗಟ್ಟಿಯಾಗಿತ್ತು. ಕಣ್ಣು ಮಾತ್ರ ಮಂಟಪದಿಂದ ಕದಲಲಿಲ್ಲ.

ಗೆಳತಿ ತಲೆ ಎತ್ತಿದಳು. ನಮ್ಮಿಬ್ಬರನ್ನೂ ನೋಡಿದಳು. ನಾನು ಕೈ ಬೀಸಿ ಕರೆ ಕರೆ ಎಂದು ಸನ್ನೆ ಮಾಡಿದೆ. ಅವಳು ನೋಡಿದ್ದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವಳ ಅತ್ತೆ ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರೇ ಹೊರತು ಯಾರನ್ನೂ ತಡೆಯುತ್ತಿರಲಿಲ್ಲ. ಪುರೋಹಿತರು ಇನ್ನು ಯಾರಾದರೂ ಇದ್ದೀರಾ ಎಂದು ಕೇಳಿದರು. ಗೆಳತಿ ತಲೆ ತಗ್ಗಿಸಿ ಕೈಯಲ್ಲಿದ್ದ ತೆಂಗಿನಕಾಯಿಯನ್ನು ನೋಡತೊಡಗಿದಳು. ಪುರೋಹಿತರು ಹಾಲಿನ ಪಾತ್ರೆಯನ್ನು ಪಕ್ಕಕ್ಕೆ ಇಟ್ಟರು.

ಆಂಟಿ ಕೋಣೆಯ ಒಳಗೆ ಹೋಗಿ ಬಂದರು. ಬಂದಾಗ ಹಣೆ ಖಾಲಿಯಾಗಿತ್ತು.

ಊಟವಾದ ಮೇಲೆ, ಫೋಟೋದವನು ಗಂಡನ್ನು ಎಲ್ಲಿಗೋ ಕರೆದುಕೊಂಡು ಹೋಗಿದ್ದಾಗ, ಗೆಳತಿಯನ್ನು ಹಿಡಿದೆ. ಅವಳು ನಾನು ಕೇಳುವ ಮೊದಲೇ ಶುರುಮಾಡಿದಳು.

"ಅಮ್ಮನೇ ಬೇಡ ಅಂದ್ಲು ಕಣೇ."

"ನೀನು ಕರೆದ್ಯಾ?"

"ನಮ್ಮತ್ತೆ ಏನೂ ಅನ್ಲಿಲ್ಲ, ನಿಜ. ಫೋನಲ್ಲಿ ಒಂದೇ ಮಾತು ಅಂದ್ರು. ನಮ್ ಹುಡುಗನ ಜಾತಕದಲ್ಲಿ ಸ್ವಲ್ಪ ಗಂಡಾಂತರ ಇದೆ, ನೀವೇ ಯೋಚ್ನೆ ಮಾಡಿ ಅಂದ್ರು. ಆಮೇಲೆ ನಂಗೆ ನಿದ್ದೆ ಬರ್ಲಿಲ್ಲ. ಏನಾದ್ರೂ ಆದ್ರೆ? ಅವ್ನಿಗೆ ಏನಾದ್ರೂ ಆದ್ರೆ ಏನೇ ಮಾಡ್ಲಿ?"

"ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡ್ತೀಯಲ್ಲೇ ನೀನು."

"ಅದು ಬೇರೆ, ಇದು ಬೇರೆ."

"ನೀನು ಕರೆದ್ಯಾ ಇಲ್ವಾ, ಅಷ್ಟು ಹೇಳು."

ಅವಳು ಸೆರಗಿನ ತುದಿಯನ್ನು ಬಿಡಿಸಿ ಹಿಂಡಿದಳು. ಆಮೇಲೆ, "ಒಂದ್ ಸಲ ಕರೆದಿದ್ರೆ ಬಂದ್ಬಿಡ್ತಿದ್ಲು ಕಣೇ. ಅದಕ್ಕೇ ಕರೀಲಿಲ್ಲ" ಎಂದಳು.

ಅವಳ ಅತ್ತೆಯನ್ನೋ ಚಿಕ್ಕಪ್ಪನನ್ನೋ ಬೈಯಲು ಬಾಯಿ ತುಂಬ ಮಾತು ಇಟ್ಟುಕೊಂಡು ಹೋಗಿದ್ದೆ. ಎಲ್ಲವೂ ನಿಂತುಹೋಯಿತು. ಅವಳ ಹೊಸ ಸೀರೆಯ ಸೆರಗು ಹಾಲಿನಿಂದ ಒದ್ದೆಯಾಗಿತ್ತು. ಯಾರ್‍ಯಾರದೋ ಕೈಯ ಹಾಲು. ನನಗೆ ಅವಳ ಪಕ್ಕದಲ್ಲಿ ನಿಲ್ಲಲು ಹೇಸಿಗೆಯಾಯಿತು. ಅವಳಿಗೂ ಅದನ್ನೇ ಹೇಳಿದೆ. ಅವಳು ಅತ್ತಳು, ನಾನು ಸಮಾಧಾನ ಮಾಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಆಂಟಿ ನನ್ನ ಪಕ್ಕ ಕೂತರು. "ಅವಳ ಮೇಲೆ ಸಿಟ್ಟು ಮಾಡ್ಕೋಬೇಡ. ಹೆದರಿದಾಳೆ. ನಾನೂ ಹೆದರಿರೋಳೇ" ಎಂದರು. ಅವರ ಮೇಲೂ ನನಗೆ ಸಿಟ್ಟಿತ್ತು. ಸೆರಗು ಸಿಕ್ಕಿಸಿ ನಿಂತು ಒಂದು ಸಲ, ಒಂದೇ ಒಂದು ಸಲ, ಕೊಡು ಚೊಂಬು ಇಲ್ಲಿ ಎನ್ನಬಾರದಿತ್ತೇ ಎಂದು. ಮಗಳನ್ನು ಹೆರಲು, ಸಾಕಲು ಯಾರ ಕರೆಗೂ ಕಾಯದಿದ್ದವರು ಧಾರೆಗೆ ಮಾತ್ರ ಕಾಯಬೇಕಿತ್ತೇ? ಕೇಳೋಣ ಎಂದರೆ ಅವರು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದರು.

ಗೆಳತಿಯೊಡನೆ ಮಾತು ಬಿಟ್ಟೆ. ಅವಳು ಗಂಡನ ಜೊತೆ ಬಸವೇಶ್ವರನಗರದಲ್ಲಿ ಮನೆ ಮಾಡಿದಳು. ಹಬ್ಬಕ್ಕೆ ತವರಿಗೆ ಬಂದರೆ ಹಿಂದಿನ ಗೋಡೆಯ ಆಚೆ ಅವಳ ದನಿ ಕೇಳುತ್ತಿತ್ತು, ನಾನು ರೇಡಿಯೋ ಜೋರು ಮಾಡುತ್ತಿದ್ದೆ. ನಮ್ಮಮ್ಮ, "ಎಷ್ಟು ದಿನ ಅಂತ ಹಿಡ್ಕೊಂಡಿರ್ತೀಯೇ" ಎಂದು ಗೊಣಗುತ್ತಿದ್ದಳು. ಗೋವಾಕ್ಕೆ ಬಾರದ ಅವಳಿಗೆ ಸಮುದ್ರದ ಬಗ್ಗೆ ತಾನು ಹೇಳಿದ್ದೇ ಸರಿಯಾಯಿತು ಎಂಬ ಸಮಾಧಾನ ಬೇರೆ.

ಮುಂದಿನ ವರ್ಷ ನನಗೂ ಗಂಡು ಗೊತ್ತಾಯಿತು. ಹುಡುಗ ಕೆಂಗೇರಿಯವರು. ಮದುವೆ ಹೊಸಹಳ್ಳಿಯ ಛತ್ರದಲ್ಲಿ, ಎಲ್ಲರ ಮದುವೆಯ ಹಾಗೆಯೇ, ಊರು ತುಂಬ ನೆಂಟರೊಂದಿಗೆ. ಗೆಳತಿಗೂ ಗಂಡನಿಗೂ ಪತ್ರಿಕೆ ಹೋಯಿತು, ಕರೆಯದಿದ್ದರೆ ರಸ್ತೆಯವರು ಏನಂದುಕೊಳ್ಳುತ್ತಾರೆ ಎಂದು ನಮ್ಮಮ್ಮ ಹೋಗಿ ಕರೆದು ಬಂದಳು. ಆಂಟಿಯನ್ನು ನಾನೇ ಹೋಗಿ ಕರೆದೆ, ಕುಂಕುಮದ ಬಟ್ಟಲನ್ನೂ ಹಿಡಿದುಕೊಂಡೇ ಹೋದೆ. ಅವರು ಬಟ್ಟಲನ್ನು ನೋಡಿದರು, ಮುಟ್ಟಲಿಲ್ಲ. ಬರ್ತೀನಿ ಎಂದರು.

ಮದುವೆಯ ದಿನ ಹಸೆಮಣೆಗೆ ಕರೆದೊಯ್ಯುವಾಗ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದೆ. ಉಗ್ರಾಣದ ಬಾಗಿಲಲ್ಲಿ ಕುರ್ಚಿ, ಕುರ್ಚಿಯ ಮೇಲೆ ಆಂಟಿ, ಕೈಯಲ್ಲಿ ಬೀಗದ ಕೈ. ಯಾರು ಕೊಟ್ಟರು ಎಂದು ಜೊತೆಯಲ್ಲಿದ್ದ ಅಮ್ಮನನ್ನು ಕೇಳಿದೆ.

"ನಾನೇ ಕೊಟ್ಟೆ. ಅವರಷ್ಟು ನಂಬಿಕೆಯವರು ಯಾರಿದಾರೆ?" ಎಂದಳು ನಮ್ಮಮ್ಮ. ನನ್ನನ್ನು ಹೆತ್ತವಳು. ಗೋವಾದ ಕಥೆಯನ್ನು ನನ್ನ ಬಾಯಿಂದ ಕೇಳಿ ಛೀ ಥೂ ಎಂದು ಉಗಿದಿದ್ದವಳು. ಬಾಸಿಂಗ ಕಟ್ಟಿಕೊಂಡು ಜಗಳಕ್ಕೆ ನಿಲ್ಲಲಾಗಲಿಲ್ಲ, ಅಷ್ಟರಲ್ಲಿ ಹಿಂದಿನಿಂದ ತಳ್ಳಿಕೊಂಡು ಮಂಟಪಕ್ಕೆ ಹತ್ತಿಸಿಬಿಟ್ಟರು.

ಅಪ್ಪ ಅಮ್ಮ ಧಾರೆ ಎರೆದರು. ಹಾಲಿನ ಸರದಿ ಶುರುವಾಯಿತು. ಚೊಂಬು ಕೈಯಿಂದ ಕೈಗೆ ದಾಟುತ್ತಾ ಬರುತ್ತಿತ್ತು. ಮೆಟ್ಟಿಲ ಕೆಳಗೆ ಸಾಲು, ಸಾಲಿನ ಕೊನೆಯಲ್ಲಿ, ಅಡುಗೆಮನೆಯ ಕಡೆಗೆ ಹೋಗುವ ಬಾಗಿಲ ಹತ್ತಿರ, ಗೆಳತಿ ನಿಂತಿದ್ದಳು. ಅವಳ ಹಿಂದೆ ಉಗ್ರಾಣದ ಬಾಗಿಲು ಕಾಣುತ್ತಿತ್ತು. ಮದುಮಗಳು ತಲೆ ಎತ್ತಬಾರದು, ಬಾಯಿ ಬಿಡಬಾರದು ಎಂದು ಬೆಳಿಗ್ಗೆಯಿಂದ ನನಗೆ ಹತ್ತು ಜನ ಹೇಳಿದ್ದರು. ತಲೆ ಎತ್ತಿದೆ.

"ಆಂಟಿ, ಬನ್ನಿ. ನೀವು ಎರೀಬೇಕು."

ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿ ನನ್ನದು. ವಾದ್ಯದವರು ಕೂಡ ನಿಲ್ಲಿಸಿದರು. ಅಮ್ಮ ನನ್ನ ತೋಳು ಚಿವುಟಿದಳು. ನನ್ನ ಗಂಡನಾಗುವವರು ಏನೂ ತಿಳಿಯದೆ ನನ್ನ ಮುಖ ನೋಡಿದರು, ಆದರೆ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

ಒಂದೇ ಸಲ ಕರೆದದ್ದು. ಆಂಟಿ ಕುರ್ಚಿ ಬಿಟ್ಟು ಎದ್ದರು. ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದರು. ನೀರಿನವನ ಮುಂದೆ ನಡೆಯುವ ಹಾಗೆ ಜನರ ನಡುವೆ ನಡೆದು ಬಂದರು. ಬಾಗಿಲ ಹತ್ತಿರ ಬಂದಾಗ ಕೈಯಲ್ಲಿ ಇನ್ನೂ ಬೀಗದ ಕೈ ಇರುವುದು ಅವರಿಗೆ ನೆನಪಾಯಿತು. ನಿಂತರು. ಎದುರಿಗೆ ಸಿಕ್ಕಿದ ಮಗಳ ಕೈಗೆ ಅದನ್ನು ಕೊಟ್ಟು, "ಇದನ್ನ ನೋಡ್ಕೊ" ಎಂದು ಹೇಳಿ ಮೆಟ್ಟಿಲು ಹತ್ತಿದರು. ಬಲಗೈಯಲ್ಲಿ ಚೊಂಬು, ಎಡಗೈ ಆಸರೆ. ಹಾಲು ಒಂದೇ ಎಳೆಯಾಗಿ ನಮ್ಮ ಕೈಗಳ ಮೇಲೆ ಬಿತ್ತು.

ಗೆಳತಿ ಬೀಗದ ಕೈ ಹಿಡಿದುಕೊಂಡು ಉಗ್ರಾಣದ ಬಾಗಿಲಿಗೆ ಹೋಗಿ ನಿಂತಳು. ಸಾಲು ಮುಗಿಯುತ್ತಾ ಬಂತು, ಅವಳು ಅಲ್ಲಿಂದಲೇ ನನ್ನತ್ತ ನೋಡುತ್ತಿದ್ದಳು. ಕರೆದರೆ ಬಂದುಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು. ಪುರೋಹಿತರು ಇನ್ನು ಯಾರಾದರೂ ಇದ್ದೀರಾ ಎಂದು ಕೇಳಿದರು. ನಾನು ಯಾರೂ ಇಲ್ಲ ಎಂದೆ.